ಎತ್ತರದಲ್ಲಿ ಮೂಡಿ ತಗ್ಗಿನಲ್ಲಿ ಮಾಯವಾಗುವ ಬಿಳಿ ಮಚ್ಚೆ

ಆರೋಗ್ಯವಂತರ ಎದೆಯ ಎಕ್ಸ್‌ರೇಯಲ್ಲಿ ಶ್ವಾಸಕೋಶಗಳ ಜಾಗ ಕಪ್ಪಗಿರುತ್ತದೆ. ಅಲ್ಲಿರುವುದು ಬಹುಪಾಲು ಗಾಳಿ. ಗಾಳಿ ಕಿರಣಗಳನ್ನು ತಡೆಯುವುದಿಲ್ಲವಾದ್ದರಿಂದ ಅವು ನೇರವಾಗಿ ಫಿಲ್ಮನ್ನು ತಾಗಿ ಕಪ್ಪಾಗಿಸುತ್ತವೆ. ಪಕ್ಕೆಲುಬು, ಬೆನ್ನೆಲುಬು, ಹೃದಯಗಳು ಬೆಳ್ಳಗೆ ಕಾಣುತ್ತವೆ. ಗಾಳಿ ಇರಬೇಕಾದ ಕಡೆ ನೀರೋ ಕೀವೋ ಸೇರಿಕೊಂಡರೆ ಆ ಭಾಗವೂ ಬೆಳ್ಳಗಾಗುತ್ತದೆ. ಕಪ್ಪು ಬಟ್ಟೆಯ ಮೇಲೆ ಹಿಂಜಿದ ಹತ್ತಿಯನ್ನು ಅಲ್ಲಲ್ಲಿ ಚೆಲ್ಲಿದಂತೆ ಮಚ್ಚೆಗಳು ಕಂಡು, ಜೊತೆಗೆ ರೋಗಿಗೆ ಕೆಮ್ಮು, ಏದುಸಿರು, ಸಣ್ಣ ಜ್ವರವೂ ಇದ್ದರೆ ನಮ್ಮ ಊರಿನ ವೈದ್ಯರ ಬಾಯಲ್ಲಿ ಮೊದಲು ಬರುವ ಮಾತು ನ್ಯುಮೋನಿಯಾ.

ಕರ್ನಾಟಕದಲ್ಲಿ ಆ ಮಾತು ಬಹುತೇಕ ಸರಿಯಾಗಿಯೇ ಇರುತ್ತದೆ. ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ 1,930 ಮೀಟರ್ ಮಾತ್ರ. ಆದರೆ ಇದೇ ಚಿತ್ರ ಲಡಾಖ್‌ನಲ್ಲಿಯೋ ನೇಪಾಳದಲ್ಲಿಯೋ, ಎರಡು ದಿನದ ಹಿಂದಷ್ಟೇ ಬಯಲಿನಿಂದ ಬಂದ ಗಟ್ಟಿಮುಟ್ಟಾದ ತರುಣನ ಎದೆಯಲ್ಲಿ ಕಂಡರೆ ಅದರ ಅರ್ಥವೇ ಬೇರೆ. ಅಲ್ಲಿ ಸೋಂಕಿಲ್ಲ, ಹೃದಯದ ಕಾಯಿಲೆಯೂ ಇಲ್ಲ. ಎತ್ತರಕ್ಕೆ ಅವಸರದಲ್ಲಿ ಏರಿದ್ದೇ ಕಾರಣ. ಅವನನ್ನು ಸಾವಿರ ಮೀಟರಿನಷ್ಟು ಕೆಳಕ್ಕೆ ಇಳಿಸಿ ಆಮ್ಲಜನಕ ಕೊಟ್ಟರೆ ಮಚ್ಚೆಗಳು ಒಂದೆರಡು ದಿನಗಳಲ್ಲೇ ಕರಗತೊಡಗುತ್ತವೆ. ನ್ಯುಮೋನಿಯಾ ಎಂದುಕೊಂಡು ಅಲ್ಲೇ ಮಲಗಿಸಿ ಚುಚ್ಚುಮದ್ದು ಕೊಡುತ್ತಾ ಕುಳಿತರೆ ಒಂದೇ ರಾತ್ರಿಯಲ್ಲಿ ಪ್ರಾಣ ಹೋಗಬಹುದು. ಇವೆರಡರ ನಡುವಿನ ವ್ಯತ್ಯಾಸ ತಿಳಿಯಲು ವೈದ್ಯಲೋಕಕ್ಕೆ ಬಹಳ ಕಾಲ ಹಿಡಿಯಿತು. ಆ ತಿಳಿವಳಿಕೆಯ ಚರಿತ್ರೆಯಲ್ಲಿ ಎದೆಯ ಎಕ್ಸ್‌ರೇಗೆ ದೊಡ್ಡ ಪಾತ್ರವಿದೆ. ಅದು ಎಷ್ಟೋ ಬಾರಿ ದಾರಿ ತೋರಿಸಿದೆ, ಕೆಲವೊಮ್ಮೆ ದಾರಿ ತಪ್ಪಿಸಿಯೂ ಇದೆ.

ವೈದ್ಯರು ಈ ಕಾಯಿಲೆಯನ್ನು ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ 'ಹೇಪ್' ಎನ್ನುತ್ತಾರೆ. ಎತ್ತರ ಪ್ರದೇಶದಲ್ಲಿ ಶ್ವಾಸಕೋಶದ ಗಾಳಿಗೂಡುಗಳೊಳಗೆ ನೀರು ತುಂಬುವುದು ಎಂದು ಇದರ ಅರ್ಥ. ನಮ್ಮಲ್ಲಿ 'ಎದೆಯಲ್ಲಿ ನೀರು ತುಂಬಿದೆ, ಸೂಜಿ ಹಾಕಿ ತೆಗೆದರು' ಎನ್ನುವುದುಂಟು. ಅದು ಶ್ವಾಸಕೋಶದ ಹೊರಪೊರೆಯಲ್ಲಿ ಸೇರುವ ನೀರು. ಇಲ್ಲಿ ನೀರು ಸೇರುವುದು ಉಸಿರಾಡುವ ಗೂಡುಗಳೊಳಗೇ. ಅದನ್ನು ಸೂಜಿ ಹಾಕಿ ತೆಗೆಯಲಾಗದು.

ಪರ್ವತ ಕಾಯಿಲೆಗಳಲ್ಲಿ ಮೂರು ಬಗೆ. ತಲೆನೋವು, ವಾಕರಿಕೆ, ನಿದ್ದೆಗೇಡು ಇರುವ ಸಾಮಾನ್ಯ ಕಾಯಿಲೆ ಒಂದು. ಇದು ಬಹಳ ಜನರಿಗೆ ಬಂದು ತಾನಾಗಿಯೇ ಹೋಗುತ್ತದೆ. ಮಿದುಳು ಬಾತುಕೊಳ್ಳುವುದು ಎರಡನೆಯದು. ಮೂರನೆಯದೇ ಹೇಪ್. ಎತ್ತರದ ಕಾಯಿಲೆಗಳಿಂದ ಆಗುವ ಸಾವುಗಳಲ್ಲಿ ಹೆಚ್ಚಿನವು ಇದರಿಂದಲೇ. ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ, ತಲುಪಿದ ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಎರಡನೇ ರಾತ್ರಿ ಉಲ್ಬಣಿಸುವುದು ಹೆಚ್ಚು. ಮೊದಲು ಏರಿನಲ್ಲಿ ಜೊತೆಗಾರರಿಗಿಂತ ಹಿಂದೆ ಬೀಳುವುದು, ಒಣಕೆಮ್ಮು. ಆಮೇಲೆ ಸುಮ್ಮನೆ ಕುಳಿತಾಗಲೂ ಏದುಸಿರು, ತುಟಿ ಉಗುರುಗಳು ನೀಲಿಯಾಗುವುದು, ಗಂಟಲಲ್ಲಿ ಗುಳುಗುಳು ಸದ್ದು. ಕೊನೆಗೆ ಗುಲಾಬಿ ಬಣ್ಣದ ನೊರೆ. ತಲೆನೋವು ಇಲ್ಲದೆಯೂ ಇದು ಬರಬಹುದು. ಹೀಗಾಗಿ 'ತಲೆ ನೋಯುತ್ತಿಲ್ಲವಲ್ಲ, ಬರೀ ಕೆಮ್ಮು' ಎಂದು ಉದಾಸೀನ ಮಾಡಿದವರು ಬಹಳ.

ತಲೆನೋವಿನ ಬೆಟ್ಟಗಳು

ಎತ್ತರದ ಕಾಟ ಹಳೆಯದು. ಕ್ರಿಸ್ತಪೂರ್ವ ಒಂದನೇ ಶತಮಾನದ ಚೀನೀ ಅಧಿಕಾರಿಯೊಬ್ಬ ಪಶ್ಚಿಮದ ದಾರಿಯಲ್ಲಿ ರಾಯಭಾರಿಗಳನ್ನು ಕಳಿಸುವುದು ಬೇಡವೆಂದು ವಾದಿಸುತ್ತಾ, ಅಲ್ಲಿ 'ದೊಡ್ಡ ತಲೆನೋವಿನ ಬೆಟ್ಟ', 'ಚಿಕ್ಕ ತಲೆನೋವಿನ ಬೆಟ್ಟ'ಗಳಿವೆ ಎಂದು ಹೇಳಿದ್ದು ಹಾನ್ ವಂಶದ ಚರಿತ್ರೆಯಲ್ಲಿ ದಾಖಲಾಗಿದೆ. ಶಾಲೆಯ ಪಾಠಗಳಿಂದ ನಮಗೆ ಪರಿಚಿತನಾದ ಯಾತ್ರಿಕ ಫಾಹಿಯಾನ್ ಕ್ರಿ.ಶ. 399ರಲ್ಲಿ ಚೀನಾದಿಂದ ಹೊರಟವನು. ಈಗಿನ ಅಫ್ಘಾನಿಸ್ತಾನದ ಹಿಮಬೆಟ್ಟಗಳನ್ನು ದಾಟುವಾಗ ಅವನ ಜೊತೆಗಾರ ಭಿಕ್ಷುವೊಬ್ಬ ಬಾಯಲ್ಲಿ ಬಿಳಿ ನೊರೆ ಬಂದು ತೀರಿಕೊಂಡ. ಅವನನ್ನು ಕೊಂದದ್ದು ಹೇಪ್ ಎಂದು ಇಂದಿನ ವೈದ್ಯ ಲೇಖಕರು ಹಲವರು ಊಹಿಸುತ್ತಾರೆ. ಅಲ್ಲಿನ ಹಿಮಗಾಳಿಯೂ ಕಾರಣವಾಗಿರಬಹುದು. ಹದಿನಾರು ಶತಮಾನಗಳ ಹಿಂದಿನ ಸಾವಿಗೆ ಈಗ ಪ್ರಮಾಣಪತ್ರ ಬರೆಯುವುದು ಸುಲಭವಲ್ಲ.

ಪ್ರಮಾಣ ಸಹಿತ ಸಿಕ್ಕ ಮೊದಲ ಸಾವುಗಳಲ್ಲಿ ಒಂದು 1891ರದು. ಆಲ್ಪ್ಸ್‌ನ ಮೌಂಟ್ ಬ್ಲಾಂಕ್ ಶಿಖರದ ಸಮೀಪದ ವಾಲೋ ತಂಗುದಾಣದಲ್ಲಿ, 4,300 ಮೀಟರಿಗೂ ಹೆಚ್ಚಿನ ಎತ್ತರದಲ್ಲಿ, ಝಾಕೋತೆ ಎಂಬ ವೈದ್ಯ ಕಾಯಿಲೆ ಬಿದ್ದು ಸತ್ತ. ಶವಪರೀಕ್ಷೆಯಲ್ಲಿ ಶ್ವಾಸಕೋಶಗಳು ನೀರು ತುಂಬಿ ಭಾರವಾಗಿದ್ದವು. ಆದರೂ ವರದಿಯಲ್ಲಿ ನ್ಯುಮೋನಿಯಾದ ಮಾತೂ ಸೇರಿಕೊಂಡಿತು. ಆರೋಗ್ಯವಂತನ ಎದೆಯಲ್ಲಿ ಬರಿಯ ಎತ್ತರದಿಂದಲೇ ನೀರು ತುಂಬಬಹುದೆಂಬ ಯೋಚನೆ ಆಗ ಯಾರಿಗೂ ಇರಲಿಲ್ಲ. ರಾಂಟ್‌ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದದ್ದು ಅದಾದ ನಾಲ್ಕು ವರ್ಷಗಳ ನಂತರ, 1895ರಲ್ಲಿ.

ಮುಂದಿನ ಹೆಜ್ಜೆ ಇಟ್ಟವನು ಚಿಲಿ ದೇಶದ ಉತ್ತರದಲ್ಲಿ, 4,600 ಮೀಟರಿಗೂ ಮೇಲಿನ ಗಣಿಗಳಲ್ಲಿ ಕೆಲಸ ಮಾಡುತ್ತಿದ್ದ ಇಂಗ್ಲಿಷ್ ವೈದ್ಯ ಥಾಮಸ್ ರೇವನ್‌ಹಿಲ್. ಕರಾವಳಿಯಿಂದ ರೈಲಿನಲ್ಲಿ ನೇರವಾಗಿ ಮೇಲಕ್ಕೆ ಬಂದಿಳಿಯುವವರನ್ನು ಅವನು ದಿನವೂ ನೋಡುತ್ತಿದ್ದ. ಸ್ಥಳೀಯರು ಈ ಕಾಯಿಲೆಗೆ 'ಪೂನಾ' ಎನ್ನುತ್ತಿದ್ದರು. ಪೆರು ದೇಶದಲ್ಲಿ ಅದರ ಹೆಸರು 'ಸೊರೋಚೆ'. ರೇವನ್‌ಹಿಲ್ 1913ರಲ್ಲಿ ಬರೆದ ಲೇಖನದಲ್ಲಿ ಪೂನಾವನ್ನು ಸಾಮಾನ್ಯ, ನರಸಂಬಂಧಿ, ಹೃದಯಸಂಬಂಧಿ ಎಂದು ವಿಂಗಡಿಸಿದ. ಹೆಚ್ಚುಕಡಿಮೆ ಇವತ್ತಿನ ವಿಂಗಡಣೆಯೂ ಅದೇ. ಅವನು ಹೃದಯಸಂಬಂಧಿ ಎಂದದ್ದೇ ನಮ್ಮ ಹೇಪ್. ಎದೆಯಲ್ಲಿ ಗೊರಗೊರ ಸದ್ದು, ನೊರೆ, ನೀಲಿಗಟ್ಟಿದ ತುಟಿ ಎಲ್ಲವನ್ನೂ ಕಂಡು ಅವನು ಹೃದಯ ಸೋಲುತ್ತಿದೆ ಎಂದುಕೊಂಡ. ಹೃದಯ ದೊಡ್ಡದಾಗಿದೆಯೇ ಇಲ್ಲವೇ ಎಂದು ನೋಡಲು ಅವನ ಬಳಿ ಎಕ್ಸ್‌ರೇ ಯಂತ್ರವಿರಲಿಲ್ಲ. ಲೇಖನವಂತೂ ಅರ್ಧ ಶತಮಾನ ಯಾರ ಕಣ್ಣಿಗೂ ಬೀಳದೆ ಉಳಿಯಿತು.

ಯಂತ್ರವಿದ್ದದ್ದು ಪೆರು ದೇಶದಲ್ಲಿ. ಅಲ್ಲಿನ ಅಂಡೀಸ್ ಗಣಿ ಪಟ್ಟಣಗಳ ವೈದ್ಯರು ಒಂದು ವಿಚಿತ್ರವನ್ನು ಗಮನಿಸಿದ್ದರು. ಎತ್ತರದಲ್ಲೇ ಹುಟ್ಟಿ ಬೆಳೆದವರು ಕೆಳಗಿನ ಲೀಮಾ ನಗರಕ್ಕೆ ಹೋಗಿ ಕೆಲವು ದಿನ ಇದ್ದು ಮನೆಗೆ ಮರಳಿದರೆ, ಅವರಿಗೇ ಈ ಕಾಯಿಲೆ ತಗಲುತ್ತಿತ್ತು. ಮಕ್ಕಳಲ್ಲಿ ಇನ್ನೂ ಹೆಚ್ಚು. ತವರಿನ ಗಾಳಿಯೇ ಒಗ್ಗದಂತಾಗುವ ಈ ವಿಪರೀತವನ್ನು ಆಲ್ಬರ್ಟೊ ಹುರ್ಟಾಡೊ 1937ರಲ್ಲೇ ದಾಖಲಿಸಿದ್ದರು. 1950ರ ದಶಕದಲ್ಲಿ ಪೆರುವಿನ ಇತರ ವೈದ್ಯರೂ ಇಂಥ ರೋಗಿಗಳ ಬಗ್ಗೆ ಬರೆದರು. ಆದರೆ ಅವರು ಬರೆದದ್ದು ಸ್ಪ್ಯಾನಿಷ್ ಭಾಷೆಯಲ್ಲಿ. ಇಂಗ್ಲಿಷ್ ಓದುವ ವೈದ್ಯಲೋಕ ಅದನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ. ದೇಶಭಾಷೆಗಳಲ್ಲಿ ಬರೆಯುವವರಿಗೆ ಇದು ಹೊಸ ಸಂಗತಿಯೇನಲ್ಲ.

ಹೀಗಾಗಿ ಕಾಯಿಲೆಗೆ ಲೋಕಮಾನ್ಯತೆ ಸಿಕ್ಕಿದ್ದು 1960ರಲ್ಲಿ. ಅಮೆರಿಕದ ಕೊಲರಾಡೊದ ಆಸ್ಪೆನ್‌ನಲ್ಲಿ ವೈದ್ಯನಾಗಿದ್ದ ಚಾರ್ಲ್ಸ್ ಹ್ಯೂಸ್ಟನ್ ಸ್ವತಃ ಪರ್ವತಾರೋಹಿ. ಕೆ-2 ಶಿಖರಕ್ಕೆ ಹೊರಟ 1938 ಮತ್ತು 1953ರ ತಂಡಗಳ ನಾಯಕ. ಹಿಮದಲ್ಲಿ ಸ್ಕೀ ಮಾಡುತ್ತಾ ಬೆಟ್ಟ ದಾಟಲು ಹೊರಟ 21 ವರ್ಷದ ತರುಣನೊಬ್ಬ ಉಸಿರಾಡಲಾಗದೆ ಅವನ ಬಳಿಗೆ ಬಂದ. ಎಕ್ಸ್‌ರೇಯಲ್ಲಿ ಶ್ವಾಸಕೋಶದ ತುಂಬ ನೀರು. ಆದರೆ ಹೃದ್ರೋಗದ ಗುರುತೇ ಇಲ್ಲ, ಚೇತರಿಕೆಯೂ ಬಲುಬೇಗ. 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟವಾದ ಹ್ಯೂಸ್ಟನ್‌ನ ಲೇಖನದ ನಂತರ ಹೃದಯ ಕಾಯಿಲೆ ಇಲ್ಲದವರ ಎದೆಯಲ್ಲೂ ಎತ್ತರದಿಂದ ನೀರು ತುಂಬಬಹುದು ಎಂಬುದನ್ನು ವೈದ್ಯರು ಒಪ್ಪಿದರು.

ಲಡಾಖ್‌ನ ಪಾಠ

ಒಪ್ಪಿಕೊಂಡ ಎರಡೇ ವರ್ಷಕ್ಕೆ ಭಾರತ ಇದರ ಅತಿ ದೊಡ್ಡ ಪ್ರಯೋಗಶಾಲೆಯಾಯಿತು. ಯಾರೂ ಬಯಸಿ ತೆರೆದ ಶಾಲೆಯಲ್ಲ. 1962ರ ಚೀನಾ ಯುದ್ಧದ ಸಮಯದಲ್ಲಿ ಬಯಲಿನ ಸೈನಿಕರನ್ನು ವಿಮಾನಗಳಲ್ಲಿ ತುಂಬಿ 3,500 ಮೀಟರ್ ಎತ್ತರದ ಲೇಹ್‌ಗೂ ಅದಕ್ಕಿಂತ ಮೇಲಿನ ಠಾಣೆಗಳಿಗೂ ಕಳಿಸಲಾಯಿತು. ಒಗ್ಗಿಕೊಳ್ಳಲು ಸಮಯವಿರಲಿಲ್ಲ. ಗುಂಡು ತಗಲದ ತರುಣರು ಬಾಯಲ್ಲಿ ನೊರೆ ಬಂದು ಸಾಯತೊಡಗಿದರು.

ಸೇನೆಯ ವೈದ್ಯರು ಬರೆದಿಟ್ಟ ದಾಖಲೆಗಳನ್ನು ಜಗತ್ತಿನ ಪರ್ವತ ವೈದ್ಯರು ಇಂದಿಗೂ ಓದುತ್ತಾರೆ. ಲೇಹ್‌ನಲ್ಲಿ ಚಿಕಿತ್ಸೆ ಪಡೆದ 101 ಹೇಪ್ ರೋಗಿಗಳ ವಿವರವನ್ನು ಎನ್.ಡಿ. ಮೆನನ್ 1965ರಲ್ಲಿ ಪ್ರಕಟಿಸಿದರು. ಇಂದರ್ ಸಿಂಗ್ ಮತ್ತು ಸಂಗಡಿಗರು ಅದೇ ವರ್ಷ ಹೇಪ್ ಕುರಿತೂ 1969ರಲ್ಲಿ 1,925 ಸೈನಿಕರಿಗೆ ಬಂದ ಪರ್ವತ ಕಾಯಿಲೆಯ ಕುರಿತೂ ಬರೆದರು. ಅಷ್ಟು ರೋಗಿಗಳನ್ನು ಒಟ್ಟಿಗೆ ಕಂಡವರು ಆವರೆಗೆ ಬೇರೆ ಯಾರೂ ಇರಲಿಲ್ಲ.

ಇಂಥ ಸರಣಿಗಳಿಂದ ಎಕ್ಸ್‌ರೇ ಓದುವ ಕ್ರಮ ಸ್ಪಷ್ಟವಾಯಿತು. ಹೃದಯ ಸೋತು ನೀರು ತುಂಬಿದಾಗ ಚಿತ್ರದಲ್ಲಿ ಹೃದಯ ಹಿಗ್ಗಿರುತ್ತದೆ. ಬಿಳುಪು ಮಧ್ಯದಿಂದ ಎರಡೂ ಬದಿಗೆ ಬಾವಲಿ ರೆಕ್ಕೆ ಬಿಚ್ಚಿದಂತೆ ಸಮನಾಗಿ ಹರಡಿರುತ್ತದೆ. ಹೇಪ್‌ನಲ್ಲಿ ಹೃದಯದ ಗಾತ್ರ ಮಾಮೂಲು. ಅದರಿಂದ ಶ್ವಾಸಕೋಶಕ್ಕೆ ರಕ್ತ ಒಯ್ಯುವ ಅಪಧಮನಿ ಮಾತ್ರ ಉಬ್ಬಿರುತ್ತದೆ. ಬಿಳುಪು ಸಮನಾಗಿಲ್ಲ: ಇಲ್ಲೊಂದು ಮಚ್ಚೆ, ಅಲ್ಲೊಂದು ಮಚ್ಚೆ, ನಡುವೆ ಒಳ್ಳೆಯ ಕಪ್ಪು. ಬಹಳ ಸಲ ಬಲ ಶ್ವಾಸಕೋಶದಲ್ಲಿ ಮೊದಲು, ಆಮೇಲೆ ಎಡಕ್ಕೆ. ಕಾಯಿಲೆ ಬಲಿತಂತೆ ಮಚ್ಚೆಗಳು ಕೂಡಿಕೊಂಡು ಎದೆಯೇ ಬೆಳ್ಳಗಾಗುತ್ತದೆ. ನ್ಯುಮೋನಿಯಾದಿಂದ ಬೇರ್ಪಡಿಸುವ ಗುರುತು ಯಾವುದು? ಮೊದಲ ಚಿತ್ರದಲ್ಲಿ ಅದು ಸಿಗುವುದು ಕಷ್ಟ. ಎರಡನೆಯ ಚಿತ್ರದಲ್ಲಿ ಸಿಗುತ್ತದೆ. ನ್ಯುಮೋನಿಯಾದ ಮಚ್ಚೆ ಕರಗಲು ವಾರಗಳೇ ಬೇಕು. ಹೇಪ್‌ನ ಮಚ್ಚೆ ಕೆಲವೇ ದಿನಗಳಲ್ಲಿ ಹೇಳಹೆಸರಿಲ್ಲದಂತೆ ಹೋಗುತ್ತದೆ.

1962ರ ಪಾಠದಿಂದ ಹುಟ್ಟಿದ ಒಗ್ಗಿಸುವ ಕ್ರಮವನ್ನು ಸೇನೆ ಈಗಲೂ ಪಾಲಿಸುತ್ತದೆ. ಸುಮಾರು 2,700ರಿಂದ 3,600 ಮೀಟರ್‌ವರೆಗಿನ ಎತ್ತರದಲ್ಲಿ ಆರು ದಿನ, 4,500 ಮೀಟರ್‌ವರೆಗೆ ನಾಲ್ಕು ದಿನ, ಅದರ ಮೇಲೆ ಮತ್ತೆ ನಾಲ್ಕು ದಿನ. 1984ರಿಂದ ಸಿಯಾಚಿನ್ ನೀರ್ಗಲ್ಲಿನಲ್ಲಿ ಕಾವಲಿರುವ ಕನ್ನಡನಾಡಿನ ಯೋಧರೂ ಈ ಮೆಟ್ಟಿಲುಗಳನ್ನು ಹತ್ತಿಯೇ ಹೋದವರು.

ಮಚ್ಚೆಯಾಗಿಯೇ ಏಕೆ?

ನೀರು ತುಂಬುವುದಾದರೆ ಎಲ್ಲ ಕಡೆ ಸಮನಾಗಿ ಏಕೆ ತುಂಬುವುದಿಲ್ಲ? ಚಿತ್ರವೇ ಎತ್ತಿದ ಈ ಪ್ರಶ್ನೆಯಲ್ಲಿ ಕಾಯಿಲೆಯ ಗುಟ್ಟು ಅಡಗಿತ್ತು.

ಎತ್ತರದಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುವುದಿಲ್ಲ. ಗಾಳಿಯಲ್ಲಿ ಅದು ಎಲ್ಲೆಡೆ ನೂರಕ್ಕೆ 21 ಭಾಗವೇ. ಕಡಿಮೆಯಾಗುವುದು ಗಾಳಿಯ ಒತ್ತಡ. ಲೇಹ್‌ನಲ್ಲಿ ಅದು ಸಮುದ್ರಮಟ್ಟದ ಒತ್ತಡದ ಮೂರನೇ ಎರಡರಷ್ಟು. 5,500 ಮೀಟರಿನಲ್ಲಿ ಅರ್ಧ. ಒಂದು ಉಸಿರಿಗೆ ದಕ್ಕುವ ಆಮ್ಲಜನಕವೂ ಅಷ್ಟೇ ಇಳಿಯುತ್ತದೆ. ಆಮ್ಲಜನಕ ಕಡಿಮೆಯಾದಾಗ ಮೈಯ ಬೇರೆಡೆಯ ರಕ್ತನಾಳಗಳು ಹಿಗ್ಗುತ್ತವೆ. ಶ್ವಾಸಕೋಶದ ನಾಳಗಳು ಮಾತ್ರ ಕುಗ್ಗುತ್ತವೆ. ಸ್ವೀಡನ್ನಿನ ವಾನ್ ಆಯ್ಲರ್ ಮತ್ತು ಲಿಲ್ಯೆಸ್ಟ್ರಾಂಡ್ ಬೆಕ್ಕುಗಳ ಮೇಲಿನ ಪ್ರಯೋಗದಿಂದ ಇದನ್ನು 1946ರಲ್ಲಿ ತೋರಿಸಿದ್ದರು. ಬಯಲಿನಲ್ಲಿ ಇದು ಉಪಕಾರಿ ಗುಣ. ಶ್ವಾಸಕೋಶದ ಒಂದು ಮೂಲೆಗೆ ಕಫ ಕಟ್ಟಿ ಗಾಳಿ ಹೋಗದಿದ್ದರೆ ಅಲ್ಲಿಗೆ ರಕ್ತ ಕಳಿಸುವುದು ದಂಡ. ನಾಳ ಕುಗ್ಗಿ ರಕ್ತವನ್ನು ಗಾಳಿ ಇರುವ ಕಡೆಗೆ ತಿರುಗಿಸುತ್ತದೆ. ಆದರೆ ಬೆಟ್ಟದ ಮೇಲೆ ಗಾಳಿಯ ಕೊರತೆ ಒಂದು ಮೂಲೆಗಲ್ಲ, ಇಡೀ ಶ್ವಾಸಕೋಶಕ್ಕೆ. ಎಲ್ಲ ನಾಳಗಳೂ ಕುಗ್ಗಲು ಹೊರಡುತ್ತವೆ. ಎಲ್ಲವೂ ಒಂದೇ ಸಮನಾಗಿ ಕುಗ್ಗುವುದಿಲ್ಲ.

ಕಾಲುವೆ ನೀರಿನ ಊರಿನವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ. ಹತ್ತು ತೂಬುಗಳಿಗೆ ಹರಿಯುತ್ತಿದ್ದ ನೀರಿಗೆ ಏಳನ್ನು ಮುಚ್ಚಿ ಮೂರನ್ನೇ ತೆರೆದಿಟ್ಟರೆ ಆ ಮೂರರ ಕೆಳಗಿನ ಗದ್ದೆಗಳ ಬದು ಒಡೆಯುತ್ತದೆ. ಹೃದಯ ಎಂದಿನಂತೆ, ಕೆಲವೊಮ್ಮೆ ಎಂದಿಗಿಂತ ಹೆಚ್ಚು ರಕ್ತ ತಳ್ಳುತ್ತಲೇ ಇರುತ್ತದೆ. ಕುಗ್ಗದೆ ಉಳಿದ ನಾಳಗಳ ಹಿಂದಿನ ಸೂಕ್ಷ್ಮ ಲೋಮನಾಳಗಳ ಮೇಲೆ ಒತ್ತಡ ಏರುತ್ತದೆ. ಅವುಗಳ ತೆಳು ಗೋಡೆಯಿಂದ ನೀರು, ಸಸಾರಜನಕ, ಕೊನೆಗೆ ಕೆಂಪು ರಕ್ತಕಣಗಳೂ ಗಾಳಿಗೂಡಿಗೆ ಸೋರುತ್ತವೆ. ನೊರೆಗೆ ಗುಲಾಬಿ ಬಣ್ಣ ಬರುವುದು ಇದರಿಂದ. ಬದು ಒಡೆದ ಗದ್ದೆಗಳೇ ಎಕ್ಸ್‌ರೇಯ ಬಿಳಿ ಮಚ್ಚೆಗಳು. ತೂಬು ಮುಚ್ಚಿದ ಗದ್ದೆಗಳು ಕಪ್ಪಗೆ ಉಳಿಯುತ್ತವೆ.

ಇದು ಬರಿಯ ಊಹೆಯಾಗಿ ಉಳಿಯಲಿಲ್ಲ. ಸ್ಟ್ಯಾನ್‌ಫರ್ಡ್‌ನ ಹರ್ಬರ್ಟ್ ಹಲ್ಟ್‌ಗ್ರೆನ್ ಪೆರುವಿನ ಲಾ ಒರೋಯಾ ಪಟ್ಟಣಕ್ಕೆ ಹೋಗಿ ರೋಗಿಗಳ ಹೃದಯಕ್ಕೆ ಸಣ್ಣ ನಳಿಕೆ ತೂರಿಸಿ ಒತ್ತಡ ಅಳೆದು 1964ರಲ್ಲಿ ವರದಿ ಮಾಡಿದರು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಸುಜಯ್ ಬಿ. ರಾಯ್ ಮತ್ತು ತಂಡದವರು ನಮ್ಮ ಸೈನಿಕರಲ್ಲಿ ಅದೇ ಕೆಲಸ ಮಾಡಿ 1969ರಲ್ಲಿ ಪ್ರಕಟಿಸಿದರು. ಎರಡೂ ಕಡೆ ಕಂಡದ್ದು ಒಂದೇ: ಶ್ವಾಸಕೋಶದ ಅಪಧಮನಿಯಲ್ಲಿ ಒತ್ತಡ ವಿಪರೀತ, ಹೃದಯದ ಎಡಭಾಗದಲ್ಲಿ ಮಾಮೂಲು. ಎಡ ಹೃದಯ ಸೋತಿದ್ದರೆ ಅಲ್ಲಿಯೂ ಒತ್ತಡ ಏರಿರಬೇಕಿತ್ತು. ರೇವನ್‌ಹಿಲ್‌ನ ಕಾಲದಿಂದ ಹೃದಯದ ಮೇಲಿದ್ದ ಆರೋಪ ಹೀಗೆ ಬಿದ್ದುಹೋಯಿತು.

ಇನ್ನೊಂದು ಸಾಕ್ಷಿ ಬಂದದ್ದು ಅನಿರೀಕ್ಷಿತವಾಗಿ. ಹುಟ್ಟಿನಿಂದಲೇ ಬಲ ಶ್ವಾಸಕೋಶದ ಅಪಧಮನಿ ಇಲ್ಲದ ನಾಲ್ವರಿಗೆ ಅಷ್ಟೇನೂ ಎತ್ತರವಲ್ಲದ ಜಾಗಗಳಲ್ಲೇ ಹೇಪ್ ಬಂದದ್ದನ್ನು ಪೀಟರ್ ಹ್ಯಾಕೆಟ್ ಮತ್ತು ಸಂಗಡಿಗರು 1980ರಲ್ಲಿ ವರದಿ ಮಾಡಿದರು. ಹುಟ್ಟಿದಾಗಿನಿಂದ ಅವರ ಅರ್ಧದಷ್ಟು ತೂಬುಗಳು ಮುಚ್ಚಿದ್ದವು. ಇಡೀ ಮೈಯ ರಕ್ತ ಎಡ ಶ್ವಾಸಕೋಶದ ಮೂಲಕವೇ ಹೋಗಬೇಕು. ನೀರು ತುಂಬಿದ್ದು ಆ ಎಡಭಾಗದಲ್ಲೇ. ಕಡಿಮೆ ಎತ್ತರದಲ್ಲಿ ಒಂದೇ ಬದಿ ಬೆಳ್ಳಗಾದ ಚಿತ್ರ ಕಂಡರೆ ಇನ್ನೊಂದು ಬದಿಯ ಅಪಧಮನಿ ಇದೆಯೇ ಎಂದು ವೈದ್ಯರು ಇಂದಿಗೂ ಹುಡುಕುತ್ತಾರೆ.

ಮಚ್ಚೆ ಬೀಳುವ ಜಾಗ ಶ್ವಾಸಕೋಶದ ರಚನೆಯ ದೋಷದಿಂದ ನಿರ್ಧಾರವಾಗುತ್ತದೆಯೇ ಎಂಬ ಸಂದೇಹ ಮಾತ್ರ ಉಳಿದಿತ್ತು. ಸ್ವಿಟ್ಜರ್‌ಲೆಂಡಿನ ಎಕ್ಸ್‌ರೇ ತಜ್ಞ ಪೀಟರ್ ವೋಕ್ ಮತ್ತು ಜೊತೆಗಾರರು 60 ರೋಗಿಗಳ ಚಿತ್ರಗಳನ್ನು ಹರಡಿಕೊಂಡು ಕುಳಿತು 1991ರಲ್ಲಿ ಉತ್ತರ ಕೊಟ್ಟರು. ಹೇಪ್‌ಗೆ ಒಂದೇ ಅಚ್ಚಿನ ಚಿತ್ರವಿಲ್ಲ. ಒಬ್ಬನಿಗೇ ಎರಡು ಬಾರಿ ಬಂದರೂ ಮಚ್ಚೆ ಹಳೆಯ ಜಾಗದಲ್ಲೇ ಬೀಳುವುದಿಲ್ಲ. ಯಾವ ತೂಬು ಯಾವಾಗ ಮುಚ್ಚೀತೆಂದು ಮೊದಲೇ ಹೇಳುವಂತಿಲ್ಲ.

ರಾಣಿಯ ಹೆಸರಿನ ಗುಡಿಸಲು

ಈ ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಬರುವ ಹೆಸರು ಕಪಾನಾ ಮಾರ್ಗರೀಟಾ. ಇಟಲಿಯ ರಾಣಿ ಮಾರ್ಗರೀಟಾಳ ಹೆಸರಿನ ಈ ಮರದ ತಂಗುದಾಣ 1893ರಲ್ಲಿ ಮಾಂಟೆ ರೋಸಾ ಪರ್ವತದ ಸುಮಾರು 4,550 ಮೀಟರ್ ಎತ್ತರದ ಶಿಖರವೊಂದರ ನೆತ್ತಿಯ ಮೇಲೆ ತಲೆಯೆತ್ತಿತು. ಈಗಿರುವುದು 1980ರಲ್ಲಿ ಮತ್ತೆ ಕಟ್ಟಿದ್ದು. ಸಂಶೋಧಕರು ಅಲ್ಲಿಗೆ ಎಕ್ಸ್‌ರೇ ಯಂತ್ರವನ್ನೂ ಏರಿಸಿದರು. ಕಾಯಿಲೆ ಬಂದವರನ್ನು ಕೆಳಗಿಳಿಸುವಷ್ಟರಲ್ಲಿ ಮಚ್ಚೆ ಕರಗತೊಡಗುವುದಾದ್ದರಿಂದ ಅದು ಹುಟ್ಟುವ ಜಾಗದಲ್ಲೇ ಚಿತ್ರ ತೆಗೆಯಬೇಕಿತ್ತು.

ಪೀಟರ್ ಬಾರ್ಚ್ ಮತ್ತು ತಂಡದವರ 1991ರ ಪ್ರಯೋಗ ಇಲ್ಲಿಯದೇ. ಹಿಂದೆ ಹೇಪ್ ಬಂದಿದ್ದ 21 ಪರ್ವತಾರೋಹಿಗಳು ಒಂದೇ ದಿನದಲ್ಲಿ ತಪ್ಪಲಿನಿಂದ ಈ ಗುಡಿಸಲಿಗೆ ಏರಿದರು. 10 ಮಂದಿಗೆ ರಕ್ತದೊತ್ತಡಕ್ಕೆ ಕೊಡುವ ನಿಫೆಡಿಪಿನ್ ಮಾತ್ರೆ, 11 ಮಂದಿಗೆ ಮದ್ದಿಲ್ಲದ ಹುಸಿ ಮಾತ್ರೆ. ತೀರ್ಪು ಕೊಟ್ಟದ್ದು ಎದೆಯ ಎಕ್ಸ್‌ರೇ. ಹುಸಿ ಮಾತ್ರೆ ನುಂಗಿದವರಲ್ಲಿ ಏಳು ಮಂದಿಗೆ, ನಿಫೆಡಿಪಿನ್ ನುಂಗಿದವರಲ್ಲಿ ಒಬ್ಬನಿಗೆ ಮಾತ್ರ ಮಚ್ಚೆಗಳು ಮೂಡಿದ್ದವು. ಮುಚ್ಚಿದ ತೂಬುಗಳನ್ನು ಸಡಿಲಿಸಿದರೆ ಬದು ಉಳಿಯುತ್ತದೆಂದು ಇದರಿಂದ ಖಾತ್ರಿಯಾಯಿತು. ಒಮ್ಮೆ ಹೇಪ್ ಬಂದವರಿಗೆ ಮತ್ತೊಮ್ಮೆ ಏರುವ ಮುನ್ನ ವೈದ್ಯರು ಇಂದಿಗೂ ಈ ಮಾತ್ರೆಯನ್ನೇ ಕೊಡುತ್ತಾರೆ. 2002ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಎರಿಕ್ ಸ್ವೆನ್ಸನ್ ಮತ್ತು ಸಂಗಡಿಗರು ಇದೇ ಗುಡಿಸಲಿನಲ್ಲಿ ಶ್ವಾಸಕೋಶವನ್ನು ತೊಳೆದು ನೀರನ್ನು ಪರೀಕ್ಷಿಸಿದರು. ಆರಂಭದ ಹಂತದಲ್ಲಿ ಅದರಲ್ಲಿ ಸಸಾರಜನಕವಿತ್ತು, ಕೆಂಪು ಕಣಗಳಿದ್ದವು, ಉರಿಯೂತದ ಗುರುತಿರಲಿಲ್ಲ. ನ್ಯುಮೋನಿಯಾ ಅಲ್ಲ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ.

ಹಾಗೆಂದು ಚಿತ್ರವೊಂದನ್ನೇ ನಂಬಿ ಕೂರುವಂತಿಲ್ಲ. 2020ರಲ್ಲಿ ಕೋವಿಡ್ ಹರಡಿದಾಗ ಅದನ್ನು ಓದುಗರೆಲ್ಲ ಕಂಡಿದ್ದಾರೆ, ಹಿನ್ನೆಲೆ ತಿಳಿದಿರಲಿಕ್ಕಿಲ್ಲ. ಕೋವಿಡ್ ರೋಗಿಗಳ ಎದೆಯ ಸಿ.ಟಿ. ಚಿತ್ರಗಳಲ್ಲಿ ಎರಡೂ ಬದಿ ತೇಪೆ ತೇಪೆಯಾದ ಬಿಳುಪು; ರಕ್ತದಲ್ಲಿ ಆಮ್ಲಜನಕ ಪಾತಾಳ ಕಂಡಿದ್ದರೂ ರೋಗಿ ಮಾತಾಡುತ್ತಾ ಕುಳಿತಿರುತ್ತಿದ್ದ. ಇದು ಹೇಪ್‌ನಂತೆಯೇ ಇದೆ, ಅದರ ಮದ್ದನ್ನೇ ಕೊಡೋಣ ಎಂಬ ಮಾತು ಅಂತರ್ಜಾಲದಲ್ಲಿ ಹಬ್ಬಿತು. ಹ್ಯಾಕೆಟ್, ಸ್ವೆನ್ಸನ್ ಮೊದಲಾದ ಪರ್ವತ ವೈದ್ಯರೇ ಮುಂದೆ ಬಂದು ಇದು ಅಪಾಯಕಾರಿ ಹೋಲಿಕೆ ಎಂದು ಎಚ್ಚರಿಸಬೇಕಾಯಿತು. ಕೋವಿಡ್‌ನಲ್ಲಿ ವೈರಸ್ಸಿನಿಂದ ಉರಿಯೂತವಾಗಿರುತ್ತದೆ. ಅಲ್ಲಿ ನಾಳಗಳನ್ನು ಸಡಿಲಿಸುವ ಮದ್ದು ಕೊಟ್ಟರೆ ಗಾಳಿಯಿಲ್ಲದ ಭಾಗಗಳಿಗೆ ರಕ್ತ ಹರಿದು ಆಮ್ಲಜನಕ ಇನ್ನಷ್ಟು ಇಳಿಯಬಹುದು. ಸುಮಾರು ಎಪ್ಪತ್ತು ವರ್ಷ ಹೇಪ್ ಅನ್ನು ನ್ಯುಮೋನಿಯಾ ಎಂದು ಓದಿದ ತಪ್ಪು ಈ ಬಾರಿ ತಿರುಗುಮುರುಗಾಗಿ ಆಗುವುದರಲ್ಲಿತ್ತು.

ಎಕ್ಸ್‌ರೇಗೆ ಇನ್ನೊಂದು ಮಿತಿ ಇದೆ. ಅದು ಬೇಕಾದ ಜಾಗದಲ್ಲಿ ಯಂತ್ರ ಇರುವುದಿಲ್ಲ. ಈ ಕೊರತೆಯನ್ನು ಈಗ ತುಂಬುತ್ತಿರುವುದು ಗರ್ಭಿಣಿಯರಿಗೆ ಮಾಡುವ ಅಲ್ಟ್ರಾಸೌಂಡ್. ಶಬ್ದತರಂಗ ಗಾಳಿಯಲ್ಲಿ ಚೆದುರಿಹೋಗುವುದರಿಂದ ಶ್ವಾಸಕೋಶಕ್ಕೆ ಅದು ಉಪಯೋಗವಿಲ್ಲವೆಂದೇ ಬಹುಕಾಲ ತಿಳಿಯಲಾಗಿತ್ತು. ಆದರೆ ಗಾಳಿಗೂಡುಗಳ ಸುತ್ತ ನೀರು ಸೇರಿದಾಗ ಪರದೆಯ ಮೇಲೆ ಮೇಲಿನಿಂದ ಕೆಳಕ್ಕೆ ಬಾಲಚುಕ್ಕಿಯ ಬಾಲದಂಥ ಬಿಳಿ ಗೆರೆಗಳು ಮೂಡುತ್ತವೆಂದು ಫ್ರಾನ್ಸಿನ ಡೇನಿಯಲ್ ಲಿಶ್ಟೆನ್‌ಸ್ಟೀನ್ 1990ರ ದಶಕದಲ್ಲಿ ತೋರಿಸಿದರು. ಎವರೆಸ್ಟ್ ದಾರಿಯಲ್ಲಿ ಸುಮಾರು 4,200 ಮೀಟರ್ ಎತ್ತರದಲ್ಲಿರುವ ಫೆರಿಚೆ ಚಿಕಿತ್ಸಾಲಯದಲ್ಲಿ ಹೇಪ್ ರೋಗಿಗಳ ಬಾಲಗಳನ್ನು ಎಣಿಸಿ 2007ರಲ್ಲಿ ವರದಿ ಮಾಡಲಾಯಿತು. ರೋಗಿ ಚೇತರಿಸಿಕೊಂಡಂತೆ ಬಾಲಗಳ ಸಂಖ್ಯೆ ಇಳಿಯುತ್ತಿತ್ತು. ಚೀಲದಲ್ಲಿ ಹಿಡಿಸುವ ಯಂತ್ರ, ಕಿರಣದ ಭಯವಿಲ್ಲ. ತೊಂದರೆ ಎಂದರೆ ಎತ್ತರಕ್ಕೆ ಏರಿದ ಆರೋಗ್ಯವಂತರಲ್ಲೂ ಕೆಲವು ಬಾಲಗಳು ಕಾಣುತ್ತವೆ. ಬಾಲ ಕಂಡವರೆಲ್ಲ ರೋಗಿಗಳಲ್ಲ.

ಯಾವ ಯಂತ್ರವೂ ಇಲ್ಲದ ಕಡೆ ಏನು ಮಾಡಬೇಕು? ಕೆಳಗಿಳಿಯಬೇಕು. ಇದರಲ್ಲಿ ತಜ್ಞರಿಗೆ ಭಿನ್ನಾಭಿಪ್ರಾಯವಿಲ್ಲ. ಹೇಪ್ ಇರಬಹುದೆಂಬ ಸಂಶಯ ಬಂದರೆ ಚಿತ್ರಕ್ಕಾಗಿ ಕಾಯದೆ ಇಳಿಸುವುದು, ಸಿಲಿಂಡರ್ ಇದ್ದರೆ ಆಮ್ಲಜನಕ ಕೊಡುವುದು, ರೋಗಿಯನ್ನು ನಡೆಸದೆ ಹೊತ್ತೊಯ್ಯುವುದು. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಲೇಹ್‌ನಲ್ಲಿ ಆರೋಗ್ಯವಂತರಲ್ಲೂ ಅದು ಬೆಂಗಳೂರಿಗಿಂತ ಕಡಿಮೆ ತೋರಿಸುತ್ತದೆ; ಜೊತೆಗಾರರೆಲ್ಲರ ಅಂಕಿಗಿಂತ ಒಬ್ಬನದು ಬಹಳ ಕೆಳಗಿದ್ದರೆ ಅದು ಅಪಾಯದ ಸೂಚನೆ.

ಕನ್ನಡನಾಡಿನಿಂದ ಹೊರಡುವವರ ವಿಷಯ ಇಲ್ಲಿ ಬರುತ್ತದೆ. ಬೆಳಿಗ್ಗೆ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ವಿಮಾನ ಹತ್ತಿದವರು ದೆಹಲಿ ಮಾರ್ಗವಾಗಿ ಲೇಹ್‌ನಲ್ಲಿ ಇಳಿಯುತ್ತಾರೆ. ಮರುದಿನವೇ 5,000 ಮೀಟರ್ ಮೀರಿದ ಖಾರ್‌ದುಂಗ್ ಲಾ ಕಣಿವೆದಾರಿಗೆ ಹೊರಡುವವರೂ ಇದ್ದಾರೆ. ಸೇನೆ ಹತ್ತು ದಿನ ಹಿಡಿಯುವ ದಾರಿಯನ್ನು ಪ್ರವಾಸಿ ಒಂದೂವರೆ ದಿನದಲ್ಲಿ ಮುಗಿಸುತ್ತಾನೆ. ಹಲವರು ಹೊರಡುವ ಮುನ್ನ ಜಾಣತನದಿಂದ ಊರಿನಲ್ಲಿ ಎದೆಯ ಎಕ್ಸ್‌ರೇ ತೆಗೆಸಿ, 'ಡಾಕ್ಟರು ಎಲ್ಲ ಸರಿ ಇದೆ ಎಂದಿದ್ದಾರೆ' ಎಂದು ನೆಮ್ಮದಿಯಿಂದ ಹೋಗುತ್ತಾರೆ. ಕೈಲಾಸ ಮಾನಸ ಸರೋವರದ ಸರ್ಕಾರಿ ಯಾತ್ರೆಗೆ ಆಯ್ಕೆಯಾದವರಿಗೂ ದೆಹಲಿಯಲ್ಲಿ ನಡೆಯುವ ತಪಾಸಣೆಯಲ್ಲಿ ಎದೆಯ ಎಕ್ಸ್‌ರೇ ಸೇರಿದೆ. ಅದು ವ್ಯರ್ಥವಲ್ಲ. ಹಳೆಯ ಕ್ಷಯ, ಹಿಗ್ಗಿದ ಹೃದಯ, ಗೊತ್ತಿಲ್ಲದ ದೋಷಗಳು ಅದರಲ್ಲಿ ಸಿಕ್ಕಿಬೀಳುತ್ತವೆ. ಆದರೆ ಹೇಪ್ ಬರುವವರ ಶ್ವಾಸಕೋಶ ಬಯಲಿನಲ್ಲಿ ತೆಗೆದ ಚಿತ್ರದಲ್ಲಿ ಎಲ್ಲರಂತೆಯೇ ಶುಭ್ರವಾಗಿರುತ್ತದೆ. ಯಾರ ನಾಳಗಳು ಎಡವಟ್ಟಾಗಿ ಕುಗ್ಗುತ್ತವೆಂಬುದು ಎತ್ತರಕ್ಕೆ ಹೋದ ಮೇಲೆಯೇ ತಿಳಿಯುವುದು. ಅದಕ್ಕೇ ಲಿಪುಲೇಖ್ ಮಾರ್ಗದ ಯಾತ್ರಿಗಳನ್ನು 3,000 ಮೀಟರ್ ದಾಟಿದ ಗುಂಜಿಯಲ್ಲಿ ತಡೆದು ಗಡಿ ಪೊಲೀಸರ ವೈದ್ಯರು ಮತ್ತೊಮ್ಮೆ ಪರೀಕ್ಷಿಸುತ್ತಾರೆ. ದೆಹಲಿಯಲ್ಲಿ ತೇರ್ಗಡೆಯಾದವರನ್ನೂ ಅಲ್ಲಿಂದ ಹಿಂದಕ್ಕೆ ಕಳಿಸುವುದುಂಟು. ಹಿಂದಿರುಗಿದವರು ಬೇಸರಪಡುವುದೂ ಉಂಟು.

ಇದರ ಇನ್ನೊಂದು ಮುಖ ಮರಳಿ ಬಂದ ಮೇಲಿನದು. ಲೇಹ್‌ನಲ್ಲಿ ಕಾಯಿಲೆ ಬಿದ್ದು, ಆಮ್ಲಜನಕ ಹಾಕಿಸಿಕೊಂಡು, ವಿಮಾನ ಹತ್ತಿ ಊರಿಗೆ ಬಂದವರು ವಾರದ ನಂತರ ತಮ್ಮ ವೈದ್ಯರ ಬಳಿ ಹೋಗಿ ಎಕ್ಸ್‌ರೇ ತೆಗೆಸಿದರೆ ಅದರಲ್ಲಿ ಏನೂ ಇರುವುದಿಲ್ಲ. ಏನೂ ಆಗಿರಲಿಲ್ಲವೆಂದೋ ಸಣ್ಣ ಕಫವಿದ್ದಿರಬೇಕೆಂದೋ ತೀರ್ಮಾನವಾಗಿ, ಮುಂದಿನ ವರ್ಷ ಮತ್ತೆ ಹೊರಡುತ್ತಾರೆ. ಒಮ್ಮೆ ಹೇಪ್ ಬಂದವರು ಅದೇ ವೇಗದಲ್ಲಿ 4,500 ಮೀಟರಿಗೆ ಏರಿದರೆ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮತ್ತೆ ಬರುತ್ತದೆ. ಹೀಗಾಗಿ ಬೆಟ್ಟದ ಮೇಲಿನ ಆಸ್ಪತ್ರೆಯಲ್ಲಿ ತೆಗೆದ ಫಿಲ್ಮನ್ನು, ಇಲ್ಲವೇ ಮೊಬೈಲಿನಲ್ಲಿ ಅದರ ಫೋಟೊವನ್ನಾದರೂ ಊರಿಗೆ ತರಬೇಕೆಂದು ವೈದ್ಯರು ಹೇಳುತ್ತಾರೆ. ಆ ಮಚ್ಚೆಗಳು ಇದ್ದವೆಂಬುದಕ್ಕೆ ಬೇರೆ ಗುರುತು ಮೈಯಲ್ಲಿ ಉಳಿದಿರುವುದಿಲ್ಲ.